ದೂರವಾಣಿಗೆ ಎಷ್ಟು ದೂರ?

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಸ್ಟುಡಿಯೋದಲ್ಲಿ ಆರೋಗ್ಯ ಕುರಿತ ಒಂದು ಸಂದರ್ಶನದ ಮುದ್ರಣ ನಡೆಯುತ್ತಿತ್ತು. 'ಮೊಬೈಲ್ ಫೋನಿನಿಂದ ತೊಂದರೆ ಇದೆಯೇ?' ಎಂಬ ವೀಕ್ಷಕರ ಪ್ರಶ್ನೆಗೆ ಅತಿಥಿಯಾಗಿ ಬಂದಿದ್ದ ವೈದ್ಯರು ಉತ್ತರ ಹೇಳುತ್ತಿದ್ದರು. ಇದ್ದಕ್ಕಿದ್ದಂತೆ ನನ್ನ ಹೆಡ್‌ಫೋನಿನಲ್ಲಿ 'ಟಕಟಕ ಟಕಟಕ ಝರ್ರ್' ಎಂಬ ಸದ್ದು. ಧ್ವನಿಮುದ್ರಣದ ಗೆಳೆಯರು ಕೈ ಎತ್ತಿ, "ಯಾರ ಜೇಬಿನಲ್ಲೋ ಫೋನ್ ಇದೆ ನೋಡಿ" ಎಂದರು. ಎಲ್ಲರೂ ಜೇಬು ಮುಟ್ಟಿಕೊಳ್ಳುತ್ತಿರುವಾಗಲೇ ವೈದ್ಯರ ಕೋಟಿನಲ್ಲಿದ್ದ ಫೋನು ಗುಂಯ್ ಎಂದು ಅದುರಿತು. ಎಲ್ಲರೂ ನಕ್ಕೆವು. ಫೋನನ್ನು ಪಕ್ಕದ ಕೋಣೆಗೆ ಕಳಿಸಿದೆವು. ಸದ್ದು ನಿಂತಿತು. ಆದರೆ ವೈದ್ಯರಿಗೆ ತಾವು ಎಲ್ಲಿಗೆ ಬಂದಿದ್ದೆವೆಂಬುದು ನೆನಪಾಗಲಿಲ್ಲ. ಮತ್ತೆ ಮೊದಲಿನಿಂದ ಆರಂಭಿಸಿದರೂ ಮೊದಲಿನ ಓಟ ಆ ಮಾತಿಗೆ ಬರಲೇ ಇಲ್ಲ.

ಫೋನಿನ ತರಂಗ ಅಂದು ಕೆಡಿಸಿದ್ದು ಎರಡು ಸೆಕೆಂಡಿನ ಧ್ವನಿಯನ್ನು. ಫೋನಿನ ಕರೆ ಕೆಡಿಸಿದ್ದು ಒಬ್ಬರ ಆಲೋಚನೆಯನ್ನು. ನಮಗೆ ಬರುವ ಪತ್ರಗಳಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಕೇಳುವುದು ಮೊದಲನೆಯದರ ಬಗ್ಗೆ: ವಿಕಿರಣ, ಕ್ಯಾನ್ಸರ್, ಟವರ್. ಎರಡನೆಯದರ ಬಗ್ಗೆ ಕೇಳುವವರು ಕಡಿಮೆ. ಈ ಲೇಖನದಲ್ಲಿ ಎರಡನ್ನೂ ನೋಡೋಣ.

ಜೇಬಿನಲ್ಲಿರುವ ಪ್ರೇಷಕ

ರೇಡಿಯೋ ಒಂದು ಗ್ರಾಹಕ ಯಂತ್ರ ಮಾತ್ರ. ಅದು ಬಂದ ತರಂಗಗಳನ್ನು ಹಿಡಿಯುತ್ತದೆ, ತಾನಾಗಿ ಏನನ್ನೂ ಕಳಿಸುವುದಿಲ್ಲ. ಮೊಬೈಲ್ ಫೋನ್ ಹಾಗಲ್ಲ. ಅದು ಗ್ರಾಹಕವೂ ಹೌದು, ಪ್ರೇಷಕವೂ ಹೌದು. ನಾವು ಮಾತನಾಡದೆ ಇರುವಾಗಲೂ ಆಗಾಗ ಹತ್ತಿರದ ಟವರಿಗೆ 'ನಾನು ಇಲ್ಲಿದ್ದೇನೆ' ಎಂದು ತಿಳಿಸುತ್ತಿರುತ್ತದೆ. ಕರೆ ಬಂದಾಗ ಗಂಟೆ ಬಾರಿಸುವ ಮೊದಲೇ ಟವರಿನೊಡನೆ ಅದರ ಮಾತುಕತೆ ಆರಂಭವಾಗಿರುತ್ತದೆ. ಎರಡನೆಯ ತಲೆಮಾರಿನ, ಅಂದರೆ ಜಿಎಸ್ಎಂ ವ್ಯವಸ್ಥೆಯ ಫೋನುಗಳಲ್ಲಿ ಎಂಟು ಬಳಕೆದಾರರು ಒಂದೇ ತರಂಗವನ್ನು ಸರದಿಯ ಮೇಲೆ ಹಂಚಿಕೊಳ್ಳುತ್ತಿದ್ದರು. ಒಬ್ಬೊಬ್ಬರ ಸರದಿ ಸೆಕೆಂಡಿಗೆ ಸುಮಾರು 217 ಬಾರಿ ಬರುತ್ತಿತ್ತು. ಈ ಮಿಡಿತವೇ ಮೈಕಿನ ತಂತಿಯೊಳಗೆ ನುಸುಳಿ ನಮಗೆ ಸದ್ದಾಗಿ ಕೇಳಿಸಿದ್ದು. ಹೊಸ ತಲೆಮಾರಿನ ಫೋನುಗಳು ಹೀಗೆ ಬಿಟ್ಟು ಬಿಟ್ಟು ಮಿಡಿಯುವುದಿಲ್ಲವಾದ್ದರಿಂದ ಆ ಸದ್ದು ಈಗ ಅಪರೂಪ. ಆದರೆ ಫೋನು ಒಂದು ಪುಟ್ಟ ಪ್ರಸಾರ ಕೇಂದ್ರ ಎಂಬುದು ಇಂದಿಗೂ ನಿಜ.

ಪ್ರಸಾರ ಕೇಂದ್ರವನ್ನು ತಲೆಗೆ ಒತ್ತಿಕೊಂಡು ಮಾತನಾಡಿದರೆ ಏನಾಗುತ್ತದೆ? ಪ್ರಶ್ನೆ ಸಹಜವಾದದ್ದೇ.

ಎಲ್ಲ ವಿಕಿರಣವೂ ಒಂದೇ ಅಲ್ಲ

'ವಿಕಿರಣ' ಎಂಬ ಮಾತು ಕೇಳಿದೊಡನೆ ನಮಗೆ ಎಕ್ಸ್-ಕಿರಣ, ಅಣುಬಾಂಬು ನೆನಪಾಗುತ್ತವೆ. ಆದರೆ ದೀಪದ ಬೆಳಕು ಕೂಡ ವಿಕಿರಣವೇ. ಒಲೆಯ ಕೆಂಡದ ಶಾಖವೂ ವಿಕಿರಣವೇ. ಇವೆಲ್ಲ ವಿದ್ಯುತ್ಕಾಂತೀಯ ತರಂಗಗಳ ಒಂದೇ ಕುಟುಂಬಕ್ಕೆ ಸೇರಿದವು. ಅವುಗಳಲ್ಲಿ ವ್ಯತ್ಯಾಸ ಇರುವುದು ಆವೃತ್ತಿಯಲ್ಲಿ, ಆದ್ದರಿಂದ ಶಕ್ತಿಯಲ್ಲಿ.

ಎಕ್ಸ್-ಕಿರಣದ ಒಂದೊಂದು ಫೋಟಾನಿಗೂ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕುವಷ್ಟು ಶಕ್ತಿ ಇರುತ್ತದೆ. ಇದಕ್ಕೆ ಅಯಾನೀಕರಣ ಎನ್ನುತ್ತಾರೆ. ಜೀವಕೋಶದ ಡಿಎನ್ಎ ಹೀಗೆ ಹರಿದಾಗ ಕ್ಯಾನ್ಸರಿಗೆ ದಾರಿಯಾಗಬಹುದು. ಇನ್ನು 900 ಮೆಗಾಹರ್ಟ್ಸ್ ಆವೃತ್ತಿಯ ಮೊಬೈಲ್ ತರಂಗವನ್ನು ನೋಡಿ. ಅದರ ಒಂದು ಫೋಟಾನಿನ ಶಕ್ತಿ ಕೆಂಪು ಬೆಳಕಿನ ಫೋಟಾನಿನ ಶಕ್ತಿಗಿಂತ ಸುಮಾರು ಐದು ಲಕ್ಷ ಪಟ್ಟು ಕಡಿಮೆ. ಕೆಂಪು ದೀಪದ ಬೆಳಕೇ ಡಿಎನ್ಎಯನ್ನು ಹರಿಯಲಾರದು ಎಂದ ಮೇಲೆ ಇದರ ಕೈಲಿ ಎಲ್ಲಿ ಆದೀತು? ಒಂದೇ ಏಟಿಗೆ ಬೀಗ ಒಡೆಯಲು ಸುತ್ತಿಗೆ ಬೇಕು. ಹತ್ತಿಯ ಉಂಡೆಗಳನ್ನು ಎಷ್ಟು ಸಾವಿರ ಎಸೆದರೂ ಬೀಗ ಒಡೆಯುವುದಿಲ್ಲ.

ಹಾಗಾದರೆ ಈ ತರಂಗ ದೇಹದಲ್ಲಿ ಏನನ್ನೂ ಮಾಡುವುದಿಲ್ಲವೇ? ಮಾಡುತ್ತದೆ. ನೀರಿನ ಅಣುಗಳನ್ನು ಅಲುಗಾಡಿಸಿ ಸ್ವಲ್ಪ ಬಿಸಿ ಹುಟ್ಟಿಸುತ್ತದೆ. ಈ ಶಕ್ತಿ ದೇಹದಲ್ಲಿ ಎಷ್ಟು ಹೀರಲ್ಪಡುತ್ತದೆ ಎಂಬುದರ ಅಳತೆಗೆ 'ಎಸ್ಎಆರ್' ಎಂದು ಹೆಸರು. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಇದು ಕಿಲೋಗ್ರಾಮಿಗೆ 1.6 ವ್ಯಾಟ್‌ಗಿಂತ ಹೆಚ್ಚಾಗಬಾರದು. ಯಾವುದೇ ಒಂದು ಗ್ರಾಂ ಅಂಗಾಂಶದ ಮೇಲೆ ಸರಾಸರಿ ತೆಗೆದು ಇದನ್ನು ಅಳೆಯುತ್ತಾರೆ. ನಿಮ್ಮ ಫೋನಿನಲ್ಲಿ *#07# ಎಂದು ಒತ್ತಿದರೆ ಅದರ ಎಸ್ಎಆರ್ ಎಷ್ಟೆಂದು ಬಹುತೇಕ ತೆರೆಯ ಮೇಲೆ ಕಾಣಿಸುತ್ತದೆ. ಹೋಲಿಕೆಗೆ ಒಂದು ಮಾತು: ನಮ್ಮ ಮಿದುಳು ತನ್ನ ದಿನನಿತ್ಯದ ಕೆಲಸಕ್ಕಾಗಿಯೇ ಸುಮಾರು 20 ವ್ಯಾಟ್ ಶಕ್ತಿ ಬಳಸುತ್ತದೆ. ಮಿದುಳಿನ ತೂಕ ಸುಮಾರು 1.4 ಕಿಲೋಗ್ರಾಂ. ಎಂದರೆ ಕಿಲೋಗ್ರಾಮಿಗೆ 14 ವ್ಯಾಟ್. ಆ ಬಿಸಿಯನ್ನು ರಕ್ತ ನಿರಂತರವಾಗಿ ಹೊತ್ತೊಯ್ಯುತ್ತಲೇ ಇರುತ್ತದೆ. ಬಹಳ ಹೊತ್ತು ಮಾತನಾಡಿದಾಗ ಕಿವಿ ಬೆಚ್ಚಗಾಗುವುದಕ್ಕೆ ಮುಖ್ಯ ಕಾರಣ ಬ್ಯಾಟರಿಯ ಬಿಸಿ ಮತ್ತು ಕಿವಿಗೆ ಗಾಳಿ ಆಡದಿರುವುದು.

ಕ್ಯಾನ್ಸರ್ ಪ್ರಶ್ನೆ

ಸಿದ್ಧಾಂತ ಹೀಗೆ ಹೇಳಿದರೂ ಪರೀಕ್ಷಿಸದೆ ಸುಮ್ಮನಿರುವುದು ವಿಜ್ಞಾನವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರ ಮೇ ತಿಂಗಳಲ್ಲಿ ರೇಡಿಯೋ ತರಂಗಗಳನ್ನು '2ಬಿ' ಗುಂಪಿಗೆ ಸೇರಿಸಿತು. 'ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು' ಎಂಬುದು ಆ ಗುಂಪಿನ ಅರ್ಥ. ಪತ್ರಿಕೆಗಳಲ್ಲಿ ದೊಡ್ಡ ತಲೆಬರಹಗಳು ಬಂದವು. ಇಲ್ಲಿ ಒಂದು ಸೂಕ್ಷ್ಮವಿದೆ. ಈ ಗುಂಪುಗಳು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ತಂಬಾಕು, ತಂಬಾಕು ಬೆರೆಸಿದ ಎಲೆಯಡಿಕೆ ಮೊದಲನೆಯ ಗುಂಪಿನಲ್ಲಿವೆ. ಅವುಗಳ ಮೇಲಿನ ಆರೋಪ ರುಜುವಾತಾಗಿದೆ. ಲೋಳೆಸರದ ಇಡೀ ಎಲೆಯ ಸಾರ ರೇಡಿಯೋ ತರಂಗದ ಜೊತೆಗೆ 2ಬಿ ಗುಂಪಿನಲ್ಲಿದೆ. ಈ ಗುಂಪಿನವರ ಮೇಲೆ ಅನುಮಾನವಿದೆ, ತೀರ್ಪು ಬಂದಿಲ್ಲ.

ಅದಕ್ಕೂ ಮೊದಲು, 2010ರಲ್ಲಿ, 13 ದೇಶಗಳಲ್ಲಿ ನಡೆದ 'ಇಂಟರ್‌ಫೋನ್' ಅಧ್ಯಯನದ ಫಲಿತಾಂಶ ಬಂದಿತ್ತು. ಒಟ್ಟಾರೆಯಾಗಿ ಮಿದುಳಿನ ಗೆಡ್ಡೆಗಳು ಹೆಚ್ಚಾದದ್ದು ಕಂಡುಬರಲಿಲ್ಲ. ಅತಿ ಹೆಚ್ಚು ಮಾತನಾಡಿದವರ ಗುಂಪಿನಲ್ಲಿ ಮಾತ್ರ ಸ್ವಲ್ಪ ಏರಿಕೆ ಕಂಡಿತು. ಆದರೆ ರೋಗಿಗಳು ಹಳೆಯ ಬಳಕೆಯನ್ನು ನೆನಪಿನಿಂದ ಹೇಳಿದ್ದರಿಂದ ತಪ್ಪು ನುಸುಳಿರಬಹುದೆಂದು ಸಂಶೋಧಕರೇ ಎಚ್ಚರಿಸಿದರು. ಮುಂದೆ 10ರಿಂದ 24 ವರ್ಷದ ಕಿರಿಯರನ್ನೇ ಕುರಿತು ಭಾರತವೂ ಸೇರಿ 14 ದೇಶಗಳಲ್ಲಿ 'ಮೊಬಿ-ಕಿಡ್ಸ್' ಅಧ್ಯಯನ ನಡೆಯಿತು. ಅದರಲ್ಲಿಯೂ ಫೋನ್ ಬಳಕೆಗೂ ಮಿದುಳಿನ ಗೆಡ್ಡೆಗೂ ನಂಟು ಸಿಗಲಿಲ್ಲ. ಯೂರೋಪಿನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ 'ಕಾಸ್ಮಾಸ್' ಅಧ್ಯಯನ 2024ರಲ್ಲಿ ಅದನ್ನೇ ಹೇಳಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯ ಮೇರೆಗೆ ನಡೆದ ಸಮಗ್ರ ವಿಮರ್ಶೆಯ ತೀರ್ಮಾನವೂ ಇದೇ.

ಹೆದರುವ ಕಾರಣವಿಲ್ಲ. ಹಾಗೆಂದು ಬೇಜವಾಬ್ದಾರಿಯೂ ಬೇಡ. ಬೇಡದ ತರಂಗವನ್ನು ಕಡಿಮೆ ಮಾಡಿಕೊಳ್ಳುವುದು ಬಲು ಸುಲಭ, ಖರ್ಚೂ ಇಲ್ಲ. ಅದರ ಹೆಸರು ದೂರ.

ದೂರದ ಲೆಕ್ಕ

ನೀವು ಭೌತಶಾಸ್ತ್ರದಲ್ಲಿ ವಿಲೋಮ ವರ್ಗ ನಿಯಮವನ್ನು ಓದಿರುತ್ತೀರಿ. ದೂರ ಎರಡರಷ್ಟಾದರೆ ತರಂಗದ ತೀವ್ರತೆ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಹತ್ತರಷ್ಟಾದರೆ ನೂರನೆಯ ಒಂದು ಪಾಲಿಗೆ. ಆಂಟೆನಾದ ತೀರ ಸಮೀಪದಲ್ಲಿ ಲೆಕ್ಕ ಸ್ವಲ್ಪ ಜಟಿಲ. ಆದರೆ ಸ್ಥೂಲವಾಗಿ ನಿಯಮ ಇದೇ. ಫೋನನ್ನು ಕಿವಿಗೆ ಒತ್ತಿಕೊಳ್ಳುವ ಬದಲು ಇಯರ್‌ಫೋನ್ ಬಳಸಿದರೆ, ದಿಂಬಿನ ಕೆಳಗಿನ ಫೋನನ್ನು ಕೋಣೆಯ ಆಚೆಯ ಮೇಜಿಗೆ ಒಯ್ದರೆ, ತರಂಗ ಎಷ್ಟೋ ಪಾಲು ಕಡಿಮೆಯಾಗುತ್ತದೆ.

ಟವರಿನ ವಿಚಾರವೂ ಇದರಿಂದ ತಿಳಿಯಾಗುತ್ತದೆ. ಟವರಿನ ಸಾಮರ್ಥ್ಯ ಹತ್ತಾರು ವ್ಯಾಟ್, ಫೋನಿನದು ಒಂದು ವ್ಯಾಟಿನ ಒಂದು ಭಾಗ. ಆದರೂ ನಮ್ಮ ತಲೆಗೆ ಹೆಚ್ಚು ತರಂಗ ತಲುಪುವುದು ಕಿವಿಯ ಪಕ್ಕದ ಫೋನಿನಿಂದಲೇ, ಏಕೆಂದರೆ ಟವರು ಹತ್ತಾರು ಮೀಟರ್ ಆಚೆಗಿದೆ. ಇನ್ನೊಂದು ವಿಶೇಷವೆಂದರೆ, ಫೋನು ತನ್ನ ದನಿಯನ್ನು ಅಗತ್ಯಕ್ಕೆ ತಕ್ಕಂತೆ ಏರಿಸಿ ಇಳಿಸಿಕೊಳ್ಳುತ್ತದೆ. ಟವರು ಹತ್ತಿರವಿದ್ದರೆ ಪಿಸುಮಾತು ಸಾಕು. ದೂರವಿದ್ದರೆ, ಗದ್ದೆಯ ಈ ಬದುವಿನಿಂದ ಆ ಬದುವಿನವರನ್ನು ಕರೆದಂತೆ ಕೂಗಬೇಕು. ಆದ್ದರಿಂದ ಸಿಗ್ನಲ್ ಕಡ್ಡಿ ಒಂದೇ ಇರುವ ಕಡೆ, ಲಿಫ್ಟಿನಲ್ಲಿ, ಘಾಟಿಯ ಬಸ್ಸಿನಲ್ಲಿ ಉದ್ದುದ್ದ ಮಾತು ಬೇಡ. ಊರಿನ ಟವರನ್ನು ಕೀಳಿಸಿದರೆ ಊರಿನ ಫೋನುಗಳೆಲ್ಲ ಇನ್ನಷ್ಟು ಜೋರಾಗಿ ಕೂಗತೊಡಗುತ್ತವೆ ಎಂಬುದನ್ನೂ ಗಮನಿಸಿ.

ಎದೆಯೊಳಗೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಫೋನನ್ನು ಅದರಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಬೇಕು. ನಿಮ್ಮ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಅಂಥವರಿದ್ದರೆ ಅಂಗಿಯ ಎದೆಯ ಜೇಬಿನಲ್ಲಿ ಫೋನ್ ಇಡದಂತೆ ನೋಡಿಕೊಳ್ಳಿ.

ಕಣ್ಣಿಗೆ ಕಾಣುವ ತೊಂದರೆಗಳು

ಕಾಣದ ತರಂಗಕ್ಕೆ ಹೆದರುವ ನಾವು ಕಾಣುವ ತೊಂದರೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಮೊದಲು ಕತ್ತು. ನಮ್ಮ ತಲೆಯ ಭಾರ ಸುಮಾರು 5 ಕಿಲೋಗ್ರಾಂ. ತಲೆ ನೆಟ್ಟಗಿದ್ದಾಗ ಕತ್ತಿನ ಮೇಲೆ ಬೀಳುವುದು ಅಷ್ಟೇ. ಮುಂದಕ್ಕೆ ಬಾಗಿಸಿದರೆ ಸನ್ನೆಗೋಲಿನ ತತ್ವದಿಂದ ಅದು ಹೆಚ್ಚುತ್ತಾ ಹೋಗುತ್ತದೆ. 2014ರಲ್ಲಿ ಅಮೆರಿಕದ ಒಬ್ಬ ಬೆನ್ನುಮೂಳೆ ತಜ್ಞರು ಗಣಿತದ ಮಾದರಿಯಿಂದ ಹಾಕಿದ ಲೆಕ್ಕದಂತೆ, ತಲೆಯನ್ನು 60 ಡಿಗ್ರಿ ಬಾಗಿಸಿದಾಗ ಕತ್ತಿನ ಮೇಲೆ ಸುಮಾರು 27 ಕಿಲೋಗ್ರಾಂ ಹೊರೆ ಬೀಳುತ್ತದೆ. ಅರ್ಧ ಮೂಟೆ ಸಿಮೆಂಟಿಗಿಂತ ಹೆಚ್ಚು! ಪರಿಹಾರ ಸುಲಭ. ತಲೆಯನ್ನು ಫೋನಿಗೆ ಇಳಿಸಬೇಡಿ, ಫೋನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ.

ಎರಡನೆಯದು ಕಣ್ಣು. ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದು ಬಾರಿಯಾದರೂ ಮಿಟುಕುವ ರೆಪ್ಪೆ, ತೆರೆಯನ್ನು ದಿಟ್ಟಿಸುವಾಗ ಬಹಳ ಕಡಿಮೆ ಮಿಟುಕುತ್ತದೆ. ಕಣ್ಣು ಒಣಗಿ ಉರಿಯುವುದು ಇದರಿಂದಲೇ. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ಆಚೆಗಿನ ವಸ್ತುವನ್ನು, ಇಪ್ಪತ್ತು ಸೆಕೆಂಡು ನೋಡಿ ಎಂಬ ನೇತ್ರವೈದ್ಯರ ಸೂತ್ರ ನೆನಪಿಡಲು ಸುಲಭ. ಬೆಳೆಯುವ ವಯಸ್ಸಿನ ಮಕ್ಕಳು ದಿನವೂ ಸ್ವಲ್ಪ ಹೊತ್ತು ಬಯಲಿನ ಬೆಳಕಿನಲ್ಲಿ ಕಳೆದರೆ ಸಮೀಪದೃಷ್ಟಿ ದೋಷ ಬರುವ ಸಂಭವ ತಗ್ಗುತ್ತದೆ ಎಂಬುದಕ್ಕೂ ಒಳ್ಳೆಯ ಸಾಕ್ಷ್ಯವಿದೆ.

ಮೂರನೆಯದು ಕಿವಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಮಟ್ಟದ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಅದೇ 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಡೆಸಿಬೆಲ್ ಅಳತೆ ಹತ್ತು ಏರಿದರೆ ಶಬ್ದಶಕ್ತಿ ಹತ್ತು ಪಟ್ಟು ಏರುವುದೇ ಇದಕ್ಕೆ ಕಾರಣ. ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ನಿಮ್ಮ ಇಯರ್‌ಫೋನಿನ ಹಾಡು ಪಕ್ಕದವರಿಗೆ ಕೇಳಿಸುತ್ತಿದೆ ಎಂದರೆ ಅದು ನಿಮ್ಮ ಕಿವಿಗೆ ಜಾಸ್ತಿಯಾಗಿದೆ ಎಂದೇ ತಿಳಿಯಿರಿ.

ನಾಲ್ಕನೆಯದು ನಿದ್ದೆ. ಹದಿಮೂರರಿಂದ ಹದಿನೆಂಟು ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ತೆರೆಯ ನೀಲಿ ಬೆಳಕು, ನಿದ್ದೆಗೆ ಅಣಿಗೊಳಿಸುವ ಮೆಲಟೋನಿನ್ ಎಂಬ ಹಾರ್ಮೋನಿನ ಉತ್ಪತ್ತಿಯನ್ನು ತಡೆಯುತ್ತದೆ. ಬೆಳಕಿಗಿಂತಲೂ ಹೆಚ್ಚಾಗಿ ನಿದ್ದೆ ಕದಿಯುವುದು 'ಇನ್ನೊಂದೇ ಒಂದು ನೋಡಿ ಮಲಗುತ್ತೇನೆ' ಎಂಬ ಮನಸ್ಸು. ರಾತ್ರಿ ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿಯೇ. ಎಂದ ಮೇಲೆ ಪರೀಕ್ಷೆಯ ಹಿಂದಿನ ರಾತ್ರಿ ಫೋನು ಕದಿಯುವುದು ನಿದ್ದೆಯನ್ನಷ್ಟೇ ಅಲ್ಲ. ಇನ್ನೊಂದು ಎಚ್ಚರಿಕೆ: ಚಾರ್ಜಿಗೆ ಹಾಕಿದ ಫೋನನ್ನು ದಿಂಬಿನ ಕೆಳಗೆ, ಹೊದಿಕೆಯೊಳಗೆ ಇಡಬೇಡಿ. ಲಿಥಿಯಂ ಅಯಾನ್ ಬ್ಯಾಟರಿಯ ಬಿಸಿ ಹೊರಹೋಗಲು ದಾರಿ ಬೇಕು.

ಫೋನಿಲ್ಲದೆ ಇರಲಾರೆ ಎಂಬ ಸ್ಥಿತಿಗೆ ತಲುಪಿದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿ 'ಷಟ್' ಎಂಬ ಚಿಕಿತ್ಸಾಲಯವನ್ನು ಆರಂಭಿಸಿತು. ತಂತ್ರಜ್ಞಾನವನ್ನು ಆರೋಗ್ಯಕರವಾಗಿ ಬಳಸಲು ನೆರವಾಗುವುದು ಅದರ ಉದ್ದೇಶ. ನೆರವು ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ರಸ್ತೆಯ ಮೇಲೆ

ಫೋನಿನಿಂದ ಪ್ರಾಣಕ್ಕೇ ಕುತ್ತು ಬರುವುದು ನಿಶ್ಚಿತವಾಗಿ ಗೊತ್ತಿರುವ ಜಾಗ ಒಂದಿದೆ. ಅದು ಮಿದುಳಿನ ಗೆಡ್ಡೆಯಲ್ಲ, ರಸ್ತೆ. ವಾಹನ ಚಲಾಯಿಸುತ್ತಾ ಫೋನ್ ಬಳಸುವವರು ಅಪಘಾತಕ್ಕೀಡಾಗುವ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ. ಗಂಟೆಗೆ 50 ಕಿಲೋಮೀಟರ್ ವೇಗದ ಸ್ಕೂಟರ್ ಸೆಕೆಂಡಿಗೆ ಸುಮಾರು 14 ಮೀಟರ್ ಮುಂದೆ ಹೋಗುತ್ತದೆ. ಯಾರ ಸಂದೇಶ ಬಂತೆಂದು ನೋಡಲು ಮೂರು ಸೆಕೆಂಡು ಸಾಕಲ್ಲವೇ? ಆ ಮೂರು ಸೆಕೆಂಡಿನಲ್ಲಿ ನೀವು 42 ಮೀಟರ್ ರಸ್ತೆಯನ್ನು ಕಣ್ಣು ಮುಚ್ಚಿಕೊಂಡು ದಾಟಿರುತ್ತೀರಿ. ಶಾಲೆಯ ಮುಂದಿನ ರಸ್ತೆಯಲ್ಲಿ ಆ 42 ಮೀಟರಿನೊಳಗೆ ಯಾರು ಯಾರು ಅಡ್ಡ ಬರಬಹುದು, ಯೋಚಿಸಿ.

ಹೆಲ್ಮೆಟ್ಟಿನೊಳಗೆ ಫೋನ್ ಸಿಕ್ಕಿಸಿಕೊಂಡು, 'ನನ್ನ ಎರಡೂ ಕೈ ಹ್ಯಾಂಡಲ್ ಮೇಲೇ ಇದೆ' ಎನ್ನುವವರಿದ್ದಾರೆ. ಕೈ ಅಲ್ಲಿರಬಹುದು, ಗಮನ ಇಲ್ಲ. ಕೈಯಲ್ಲಿ ಹಿಡಿಯದೆ ಮಾತನಾಡಿದರೂ ಅಪಾಯ ಹೇಳಿಕೊಳ್ಳುವಷ್ಟು ಕಡಿಮೆಯಾಗುವುದಿಲ್ಲ ಎಂಬುದು ಪ್ರಯೋಗಗಳಿಂದ ತಿಳಿದುಬಂದಿದೆ. ಪಕ್ಕದಲ್ಲಿ ಕುಳಿತವರು ಎದುರಿಗೆ ಲಾರಿ ಬಂದಾಗ ತಾವಾಗಿ ಸುಮ್ಮನಾಗುತ್ತಾರೆ. ಫೋನಿನ ಆಚೆ ಬದಿಯವರಿಗೆ ಲಾರಿ ಕಾಣುವುದಿಲ್ಲ. ಅವರು ಮಾತು ಮುಂದುವರಿಸುತ್ತಲೇ ಇರುತ್ತಾರೆ. ಕೈಯಲ್ಲಿ ಫೋನ್ ಹಿಡಿದು ವಾಹನ ಚಲಾಯಿಸುವುದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 184ನೇ ವಿಧಿಯ ಪ್ರಕಾರ ಅಪಾಯಕಾರಿ ಚಾಲನೆ ಎನಿಸುತ್ತದೆ. ನಡೆದು ಹೋಗುವವರಿಗೂ ಇದೇ ಮಾತು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ರೈಲು ಹಳಿ ದಾಟುವವರಿಗೆ ರೈಲಿನ ಕೂಗು ಕೇಳಿಸುವುದಿಲ್ಲ.

ಇಲ್ಲಿ ಕರೆ ಮಾಡುವವರ ಪಾಲೂ ಇದೆ. "ಗಾಡಿ ಓಡಿಸ್ತಾ ಇದೀಯಾ? ಹಾಗಾದ್ರೆ ಆಮೇಲೆ ಮಾಡ್ತೀನಿ" ಎಂದು ಫೋನ್ ಇಟ್ಟುಬಿಡುವುದು ಸೌಜನ್ಯವೂ ಹೌದು, ಪ್ರಾಣರಕ್ಷಣೆಯೂ ಹೌದು. ಆರೋಗ್ಯ ಬೇರೆ, ನಡವಳಿಕೆ ಬೇರೆ ಎಂದುಕೊಂಡಿದ್ದೆವಲ್ಲ, ಅವೆರಡೂ ಇಲ್ಲಿ ಕೂಡುತ್ತವೆ.

ಸ್ಥಾವರವಾಣಿ ಜಂಗಮವಾದಾಗ

ಭಾರತದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಜ್ಯೋತಿ ಬಸು ಅಂದಿನ ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್‌ರಾಂ ಅವರೊಡನೆ ಮಾತನಾಡಿದರು. ಆ ದಿನಗಳಲ್ಲಿ ಕರೆ ಮಾಡಿದವರಷ್ಟೇ ಅಲ್ಲ, ಕರೆ ಬಂದವರೂ ಹಣ ತೆರಬೇಕಾಗಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲೆಯೇ ಫೋನು ಮನೆ ಮನೆಗೆ ಬಂದದ್ದು. ನಮ್ಮ ಪತ್ರಿಕೆಗಳು ಅದಕ್ಕೆ 'ಸಂಚಾರಿ ದೂರವಾಣಿ' ಎಂದವು. ಕೆಲವರು ಚೆಂದವಾಗಿ 'ಜಂಗಮವಾಣಿ' ಎಂದು ಕರೆದರು.

ಹಳೆಯ ಸ್ಥಾವರವಾಣಿಗೆ ಮನೆಯಲ್ಲಿ ಒಂದು ಜಾಗವಿತ್ತು. ಗಂಟೆ ಬಾರಿಸಿದರೆ ನಾವು ಎದ್ದು ಅದರ ಬಳಿಗೆ ಹೋಗುತ್ತಿದ್ದೆವು. ಮಾತು ಮುಗಿದರೆ ಅದನ್ನು ಅಲ್ಲಿಯೇ ಇಟ್ಟು ಬರುತ್ತಿದ್ದೆವು. ಊಟದ ಮನೆ, ತರಗತಿ, ದೇವಸ್ಥಾನ, ಆಸ್ಪತ್ರೆಯ ಮಂಚದ ಪಕ್ಕ, ಇಲ್ಲೆಲ್ಲ ಅದು ಬರುತ್ತಿರಲಿಲ್ಲ. ಜಂಗಮವಾಣಿ ಎಲ್ಲ ಕಡೆಗೂ ನಮ್ಮ ಜೊತೆ ಬರುತ್ತದೆ. ಹಿಂದೆ ಗೋಡೆಗಳು ತಾವಾಗಿ ಕಾಯುತ್ತಿದ್ದ ಮರ್ಯಾದೆಯನ್ನು ಈಗ ನಾವೇ ಕಾಯಬೇಕಾಗಿದೆ.

ಬಸ್ಸಿನಲ್ಲಿ ಇಬ್ಬರು ಮಾತನಾಡುತ್ತಿದ್ದರೆ ನಮಗೆ ಅಷ್ಟಾಗಿ ಕಿರಿಕಿರಿಯಾಗುವುದಿಲ್ಲ. ಒಬ್ಬರು ಫೋನಿನಲ್ಲಿ ಮಾತನಾಡಿದರೆ ಪುಸ್ತಕ ಓದಲೂ ಆಗುವುದಿಲ್ಲ. ಏಕೆ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಅರ್ಧ ಸಂಭಾಷಣೆ ಮಾತ್ರ ಕೇಳಿದಾಗ, ಉಳಿದರ್ಧ ಏನಿರಬಹುದೆಂದು ಮಿದುಳು ತನ್ನಷ್ಟಕ್ಕೆ ಊಹಿಸತೊಡಗುತ್ತದೆ. ಹೀಗಾಗಿ ಕೈಯಲ್ಲಿದ್ದ ಕೆಲಸ ಕೆಡುತ್ತದೆ. ಎಂದರೆ ಫೋನಿನಲ್ಲಿ ಗಟ್ಟಿಯಾಗಿ ಮಾತನಾಡುವವರು ಅಕ್ಕಪಕ್ಕದವರ ಗಮನವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆದುಕೊಳ್ಳುತ್ತಿದ್ದಾರೆ. ಸ್ಪೀಕರ್ ಹಾಕಿ ಹಾಡು ಕೇಳುವವರಂತೂ ಸರಿಯೇ ಸರಿ. ಹೈಕೋರ್ಟಿನ ನಿರ್ದೇಶನದ ಮೇರೆಗೆ ನಮ್ಮ ರಾಜ್ಯದ ಕೆಎಸ್ಆರ್‌ಟಿಸಿ 2021ರ ನವೆಂಬರಿನಲ್ಲಿ ಬಸ್ಸಿನೊಳಗೆ ಮೊಬೈಲಿನಲ್ಲಿ ಜೋರಾಗಿ ಹಾಡು, ವಿಡಿಯೋ ಹಾಕುವುದನ್ನು ನಿಷೇಧಿಸಿತು. ಕೇಳದಿದ್ದವರನ್ನು ಇಳಿಸುವ ಅಧಿಕಾರವನ್ನೂ ಬಸ್ಸಿನ ಸಿಬ್ಬಂದಿಗೆ ಕೊಟ್ಟಿತು. ಜಪಾನಿನಲ್ಲಿ ಫೋನಿನ ಸದ್ದಡಗಿಸುವ ವ್ಯವಸ್ಥೆಗೆ 'ಮ್ಯಾನರ್ ಮೋಡ್' ಎಂದೇ ಹೆಸರು. ಅಲ್ಲಿನ ರೈಲುಗಳಲ್ಲಿ ಫೋನನ್ನು ಮ್ಯಾನರ್ ಮೋಡಿಗೆ ಹಾಕಿ, ಮಾತನಾಡಬೇಡಿ ಎಂದು ಪ್ರಕಟಣೆ ಮಾಡುತ್ತಾರೆ. ಸದ್ದಡಗಿಸುವುದೇ ಸನ್ನಡತೆ ಎಂದು ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ.

ಎದುರಿಗೆ ಕುಳಿತವರ ವಿಷಯದಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ, ನನಗೆ ವಿಜ್ಞಾನ ಕಲಿಸಿದ ಮೇಷ್ಟ್ರನ್ನು ನೋಡಲು ಹೋಗಿದ್ದೆ. ವಯಸ್ಸಾಗಿತ್ತು, ದನಿ ಸಣ್ಣಗಾಗಿತ್ತು. ಅಂದು ಕಚೇರಿಯಿಂದ ಸಂದೇಶಗಳ ಮೇಲೆ ಸಂದೇಶ. ಮೇಷ್ಟ್ರು ಏನನ್ನೋ ಹೇಳಲು ಆರಂಭಿಸಿದರು. ನಾನು 'ಹೂಂ' ಎನ್ನುತ್ತಾ ಫೋನ್ ನೋಡಿದೆ. ಅವರು ನಿಲ್ಲಿಸಿದರು. ನಾನು ತಲೆ ಎತ್ತಿದ ಮೇಲೆ ಮತ್ತೆ ಆರಂಭಿಸಿದರು. ಮತ್ತೆ ಫೋನು ಅದುರಿತು. ಮೂರನೆಯ ಸಲ, "ನಿನ್ನ ಕೆಲಸ ಮುಗೀಲಪ್ಪ, ಆಮೇಲೆ ಹೇಳ್ತೀನಿ" ಎಂದರು. "ಇಲ್ಲ ಮೇಷ್ಟ್ರೇ, ಹೇಳಿ" ಎಂದು ಫೋನನ್ನು ಜೇಬಿಗೆ ಹಾಕಿದೆ. ಅವರು ನಕ್ಕು, "ಏನೋ ಇತ್ತು, ಮರೆತುಹೋಯ್ತು ಬಿಡು" ಎಂದರು. ಮರುವರ್ಷ ಅವರು ತೀರಿಕೊಂಡರು. ಅಂದು ಬಂದ ಸಂದೇಶಗಳಲ್ಲಿ ಒಂದೂ ನನಗೆ ನೆನಪಿಲ್ಲ. ಮೇಷ್ಟ್ರು ಹೇಳಬೇಕೆಂದಿದ್ದುದು ಏನೆಂಬುದು ನನಗೆ ಎಂದೂ ತಿಳಿಯುವುದಿಲ್ಲ.

ರೂಢಿಸಿಕೊಳ್ಳಬೇಕಾದ್ದು

ಸಜ್ಜನಿಕೆಗೆ ಉದ್ದನೆಯ ಪಟ್ಟಿ ಬೇಕಿಲ್ಲ. ಕೆಲವು ಸಂಗತಿಗಳನ್ನು ರೂಢಿ ಮಾಡಿಕೊಂಡರೆ ಸಾಕು.

ಕರೆ ಮಾಡಿದವರು ಮೊದಲು ತಮ್ಮ ಹೆಸರು ಹೇಳಬೇಕು. "ಈಗ ಮಾತನಾಡಬಹುದೇ?" ಎಂದು ಕೇಳಬೇಕು. ಬೆಳಗಿನ ಜಾವ, ಊಟದ ಹೊತ್ತು, ತಡರಾತ್ರಿ, ತುರ್ತಿಲ್ಲದೆ ಯಾರಿಗೂ ಕರೆ ಮಾಡಬಾರದು. ಉತ್ತರ ಬರದಿದ್ದರೆ ಮತ್ತೆ ಮತ್ತೆ ಒತ್ತುವ ಬದಲು ಒಂದು ಸಾಲಿನ ಸಂದೇಶ ಕಳಿಸಿದರೆ ಸಾಕು.

ತರಗತಿ, ಗ್ರಂಥಾಲಯ, ಸಂಗೀತ ಕಚೇರಿ, ನಾಟಕ, ಯಕ್ಷಗಾನ, ಸಾವಿನ ಮನೆ: ಇಲ್ಲೆಲ್ಲ ಫೋನಿನ ಸದ್ದು ಮಾತ್ರವಲ್ಲ, ಕತ್ತಲೆಯಲ್ಲಿ ಹೊಳೆಯುವ ತೆರೆಯೂ ಇತರರಿಗೆ ತೊಂದರೆಯೇ. ತುರ್ತು ಕರೆ ಬರುವುದಿದ್ದರೆ ಹತ್ತಿರದವರಿಗೆ ಮೊದಲೇ ಹೇಳಿ, ಬಾಗಿಲ ಬಳಿ ಕುಳಿತು, ಬಂದಾಗ ಹೊರಗೆ ಹೋಗಿ ಮಾತನಾಡಿ.

ಯಾರದೇ ಚಿತ್ರ ತೆಗೆಯುವ ಮೊದಲು ಕೇಳಿ. ಹಂಚುವ ಮೊದಲು ಇನ್ನೊಮ್ಮೆ ಕೇಳಿ. ಅಪಘಾತ ಕಂಡರೆ ಕ್ಯಾಮೆರಾ ತೆರೆಯಬೇಡಿ, 108ಕ್ಕೋ 112ಕ್ಕೋ ಕರೆ ಮಾಡಿ. ಅದೇ ಫೋನು ಒಂದು ಗಳಿಗೆಯಲ್ಲಿ ಒಬ್ಬರ ನೋವನ್ನು ತಮಾಷೆಯಾಗಿಸಬಲ್ಲದು, ಇನ್ನೊಂದು ಗಳಿಗೆಯಲ್ಲಿ ಅವರ ಜೀವ ಉಳಿಸಬಲ್ಲದು. ಆಯ್ಕೆ ಹಿಡಿದವರ ಕೈಯಲ್ಲಿದೆ.

ಓದುವಾಗ ಫೋನು ಇನ್ನೊಂದು ಕೋಣೆಯಲ್ಲಿರಲಿ. ಸುಮ್ಮನೆ ಮೇಜಿನ ಮೇಲಿದ್ದರೂ ಅದು ಗಮನವನ್ನು ಸ್ವಲ್ಪ ಸೆಳೆಯುತ್ತದೆಂದು 2017ರಲ್ಲಿ ಅಮೆರಿಕದಲ್ಲಿ ನಡೆಸಿದ ಪ್ರಯೋಗವೊಂದು ತೋರಿಸಿತು. ಮುಂದೆ ನಡೆದ ಕೆಲವು ಪ್ರಯೋಗಗಳಲ್ಲಿ ಆ ಪರಿಣಾಮ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಪ್ರಯೋಗವನ್ನು ನೀವೇ ಮಾಡಿ ನೋಡಬಹುದು. ಒಂದು ವಾರ ಫೋನನ್ನು ಪಕ್ಕದಲ್ಲಿಟ್ಟುಕೊಂಡು ಓದಿ, ಇನ್ನೊಂದು ವಾರ ಬೇರೆ ಕೋಣೆಯಲ್ಲಿಟ್ಟು ಓದಿ. ಗಂಟೆಗೆ ಎಷ್ಟು ಪುಟ ಓದಿದಿರೆಂದು ಪ್ರತಿದಿನ ಬರೆದಿಡಿ. ಹದಿನಾಲ್ಕು ದಿನಗಳ ನಂತರ ನಿಮ್ಮ ಅಂಕಿಗಳೇ ನಿಮಗೆ ಉತ್ತರ ಹೇಳುತ್ತವೆ.

ತಲೆಯಿಂದ ಒಂದು ಗೇಣು, ಹಾಸಿಗೆಯಿಂದ ಒಂದು ಕೋಣೆ, ರಸ್ತೆಯಲ್ಲಿ ಚೀಲದ ತಳ, ಹಿರಿಯರ ಮುಂದೆ ಜೇಬಿನ ಆಳ. ಫೋನಿಗೆ ನಾವು ಕೊಡಬೇಕಾದ ದೂರ ಇಷ್ಟೇ. ನಮ್ಮ ಹಿರಿಯರು ಈ ಯಂತ್ರಕ್ಕೆ 'ದೂರವಾಣಿ' ಎಂದು ಹೆಸರಿಟ್ಟದ್ದು ದೂರದವರ ಮಾತನ್ನು ಹತ್ತಿರ ತರುತ್ತದೆಂದು. ಹತ್ತಿರದವರ ಮಾತನ್ನು ಅದು ದೂರ ಮಾಡದಂತೆ ನೋಡಿಕೊಳ್ಳುವುದು ನಮಗೆ ಬಿಟ್ಟದ್ದು. ಈ ಲೇಖನ ಓದಿ ಮುಗಿಸಿದಿರಲ್ಲ, ಇನ್ನು ಒಂದು ಗಂಟೆ ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಮನೆಯಲ್ಲಿ ಯಾರಾದರೂ ಏನಾದರೂ ಹೇಳಬೇಕೆಂದಿದ್ದರೆ ಅವರ ಬಳಿ ಹೋಗಿ ಕುಳಿತುಕೊಳ್ಳಿ.